ಮೂಲೆ ಸೇರಿದ ಸಣ್ಣ ಟಿಲ್ಲರ್: ಗುಜರಿಗೆ ಕೊಡುವ ಮುನ್ನ



ಶಿವಮೊಗ್ಗ, ಭದ್ರಾವತಿ ಸುತ್ತಿನ ಊರುಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲೋ ಹಿತ್ತಿಲಿನ ಚಪ್ಪರದಡಿಯಲ್ಲೋ ಒಂದು ಹಳೇ ಯಂತ್ರ ಬಿದ್ದಿರುವುದನ್ನು ನೀವು ನೋಡಿರುತ್ತೀರಿ. ಅಡಿಕೆ ತೋಟದ ಸಾಲಿನಲ್ಲಿ ಕಳೆ ಹೊಡೆಯಲು ಮಾವನವರ ಕಾಲದಲ್ಲಿ ತಂದ, ಪೆಟ್ರೋಲ್ ಎಂಜಿನ್ ಇರುವ ಸಣ್ಣ ಟಿಲ್ಲರ್ ಅದು. ಒಂದು ಮಳೆಗಾಲ ಮುಗಿದ ಮೇಲೆ ಸ್ಟಾರ್ಟ್ ಆಗಲಿಲ್ಲ, ಅಲ್ಲಿಗೆ ಅದರ ಕಥೆ ಮುಗಿಯಿತು. ಈಗ ಗುಜರಿಯವರು ಬಂದು ಕೆ.ಜಿ. ಲೆಕ್ಕದಲ್ಲಿ ಕೇಳುತ್ತಾರೆ.

ಕೊಡಬೇಕೋ ಇಟ್ಟುಕೊಳ್ಳಬೇಕೋ? ಇದನ್ನು ತೀರ್ಮಾನಿಸುವುದು ಹೇಗೆ ಎಂಬುದೇ ಈ ಪಾಠ. ವರ್ಷಗಟ್ಟಲೆ ನಿಂತ ಸಣ್ಣ ಎಂಜಿನ್‌ಗಳಲ್ಲಿ ಹೆಚ್ಚಿನವು ಸವೆದು ನಿಂತಿರುವುದಿಲ್ಲ. ಕೊಳೆ ಕಟ್ಟಿಕೊಂಡು ನಿಂತಿರುತ್ತವೆ. ಕೊಳೆ ತೆಗೆಯುವ ಕೆಲಸ ನಮಗೆ ಹೊಸದಲ್ಲ. ಹಾಲಿನ ಕ್ಯಾನು, ಸೋಸುವ ಬಟ್ಟೆ, ಅಳತೆ ಪಾತ್ರೆಯನ್ನು ದಿನಕ್ಕೆರಡು ಬಾರಿ ತೊಳೆಯುವ ಕೈಗೆ ಕಾರ್ಬೊರೇಟರ್ ತೊಳೆಯುವುದು ಕಷ್ಟವಲ್ಲ. ಬೇಕಾದದ್ದು ಸರಿಯಾದ ಕ್ರಮ ಮತ್ತು ಎಚ್ಚರ.

ಒಂದು ಮಾತು. ಇಲ್ಲಿ ಹೇಳುವುದು ಪೆಟ್ರೋಲ್ ಎಂಜಿನ್ ಇರುವ ಸಣ್ಣ ಯಂತ್ರದ ಬಗ್ಗೆ. ಗದ್ದೆ ಕೆಸರು ಮಾಡುವ ದೊಡ್ಡ ಪವರ್ ಟಿಲ್ಲರ್‌ಗಳು ಡೀಸೆಲ್‌ನಲ್ಲಿ ಓಡುತ್ತವೆ. ಅವುಗಳಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ರಿಪೇರಿಯ ಕ್ರಮವೂ ಬೇರೆ.

1. ಮೊದಲು ಯಂತ್ರವನ್ನು ಕೊಟ್ಟಿಗೆಯಿಂದ ಹೊರಗೆ ತನ್ನಿ

ಸ್ಪ್ಯಾನರ್ ಹಿಡಿಯುವ ಮೊದಲು ಮಾಡಬೇಕಾದ ಕೆಲಸ ಇದು. ಹಸು ಎಮ್ಮೆ ಕಟ್ಟುವ ಜಾಗದಲ್ಲಿ, ಮೇವು ಒಟ್ಟುವ ಜಾಗದಲ್ಲಿ, ನೀರಿನ ತೊಟ್ಟಿಯ ಹತ್ತಿರ ಹಳೇ ಯಂತ್ರವನ್ನು ಬಿಚ್ಚಬಾರದು.

ಕಾರಣ ಸೀಸ. ನಮ್ಮ ದೇಶದಲ್ಲಿ ಎಲ್ಲೆಡೆ ಸೀಸವಿಲ್ಲದ ಪೆಟ್ರೋಲ್ ಬಂದದ್ದು 2000ರಲ್ಲಿ. ಅದಕ್ಕೆ ಮುಂಚೆ ಓಡಿದ ಎಂಜಿನ್‌ನ ಒಳಗಿನ ಕರಿ ಎಣ್ಣೆಯಲ್ಲಿ, ಮಸಿಯಲ್ಲಿ ಸೀಸ ಇರುತ್ತದೆ. ಹಳೇ ಬಣ್ಣದಲ್ಲೂ ಸೀಸ ಇರುವ ಸಾಧ್ಯತೆ ಉಂಟು. ದನಗಳಿಗೆ ಎಣ್ಣೆ ಮೆತ್ತಿದ ವಸ್ತು, ಉದುರಿದ ಬಣ್ಣದ ಚಕ್ಕೆ ನೆಕ್ಕುವ ಅಭ್ಯಾಸವಿದೆ. ಸೀಸ ಹೊಟ್ಟೆಗೆ ಹೋದ ಕರು ಕಣ್ಣು ಕಾಣದೆ ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ಹಲ್ಲು ಕಡಿಯುತ್ತದೆ, ನಡುಗಿ ಬೀಳುತ್ತದೆ. ಬೇಗ ಚಿಕಿತ್ಸೆ ಸಿಗದಿದ್ದರೆ ಉಳಿಯುವುದು ಕಷ್ಟ. ಬದುಕಿದ ಹಸುವಿನ ಹಾಲಿಗೂ ಸೀಸ ಬರುತ್ತದೆ. ಇಂಥ ಲಕ್ಷಣ ಕಂಡರೆ ಕೂಡಲೇ ಪಶುವೈದ್ಯರನ್ನು ಕರೆಸಿ, ಎಣ್ಣೆ ಅಥವಾ ಬಣ್ಣ ನೆಕ್ಕಿರಬಹುದೆಂದು ತಪ್ಪದೆ ಹೇಳಿ.

ಆದ್ದರಿಂದ ಯಂತ್ರವನ್ನು ದನಗಳು ಬಾರದ ಜಾಗಕ್ಕೆ ಸಾಗಿಸಿ. ಕೆಳಗೆ ಹಳೇ ತಗಡು ಅಥವಾ ದಪ್ಪ ಪ್ಲಾಸ್ಟಿಕ್ ಹಾಸಿ. ಬಣ್ಣವನ್ನು ಒಣಗಿದ್ದಂತೆಯೇ ಕೆರೆದು ಧೂಳೆಬ್ಬಿಸಬೇಡಿ. ನೀರು ಹಚ್ಚಿ ಒದ್ದೆಮಾಡಿ ಕೆರೆಯಿರಿ, ಚಕ್ಕೆಗಳನ್ನೆಲ್ಲ ಕಟ್ಟಿ ತೆಗೆಯಿರಿ. ಮಕ್ಕಳು ಹತ್ತಿರ ಬೇಡ. ಇಳಿಸಿದ ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಡಿ. ದನದ ಗಾಯಕ್ಕೆ, ಉಣ್ಣೆಗೆ ಕರಿ ಆಯಿಲ್ ಹಚ್ಚುವ ರೂಢಿ ಕೆಲವೆಡೆ ಇದೆ. ದಯವಿಟ್ಟು ಇದನ್ನು ನಿಲ್ಲಿಸಿ. ಹಚ್ಚಿದ ಎಣ್ಣೆಯನ್ನು ಹಸು ನೆಕ್ಕಿಯೇ ನೆಕ್ಕುತ್ತದೆ.

2. ಬಿಚ್ಚುವ ಮೊದಲು ನಾಲ್ಕು ಪರೀಕ್ಷೆ

ಕೆಚ್ಚಲು ಬಾವಿಗೆ ಔಷಧಿ ಹಾಕುವ ಮೊದಲು ನಾಲ್ಕೂ ಮೊಲೆಯ ಹಾಲನ್ನು ಬೇರೆಬೇರೆಯಾಗಿ ಪರೀಕ್ಷಿಸುತ್ತೇವೆ. ಎಂಜಿನ್‌ಗೂ ಹಾಗೆಯೇ.

ಒಂದನೆಯದು, ತಿರುಗುತ್ತದೆಯೇ? ನಿಂತ ಎಂಜಿನ್‌ನ ಹಗ್ಗವನ್ನು ಜೋರಾಗಿ ಎಳೆಯಬೇಡಿ. ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ. ಮರುದಿನ ಫ್ಲೈವೀಲನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿ. ಅಲುಗದಿದ್ದರೆ ಇನ್ನೂ ಎರಡು ಮೂರು ದಿನ ಕಾಯಿರಿ. ಸುತ್ತಿಗೆಯಿಂದ ಹೊಡೆದರೆ ಪಿಸ್ಟನ್ ಒಡೆದು, ಉಳಿಯಬಹುದಾಗಿದ್ದ ಎಂಜಿನ್ ಅಂದೇ ಗುಜರಿಯಾಗುತ್ತದೆ.

ಎರಡನೆಯದು, ಒತ್ತಡ ಇದೆಯೇ? ಪ್ಲಗ್ ಮರಳಿ ಹಾಕಿ ಹಗ್ಗವನ್ನು ನಿಧಾನಕ್ಕೆ ಎಳೆಯಿರಿ. ಒಂದು ಹಂತದಲ್ಲಿ ಕೈಗೆ ಎದುರು ಒತ್ತು ಸಿಗಬೇಕು. ಸಿಗದಿದ್ದರೆ ಪ್ಲಗ್ ತೂತಿನಲ್ಲಿ ಇನ್ನೊಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿ. ಎಣ್ಣೆ ಬಿಟ್ಟ ಮೇಲೆ ಒತ್ತಡ ಹೆಚ್ಚಾದರೆ ಪಿಸ್ಟನ್ ರಿಂಗ್ ಸವೆದಿದೆ ಎಂದರ್ಥ. ಹೆಚ್ಚಾಗದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಎರಡೂ ಸರಿಪಡಿಸಬಹುದಾದ ಕೆಲಸಗಳೇ. ಆದರೆ ಯಾವುದು ಎಂದು ನಿಮಗೆ ಗೊತ್ತಿದ್ದರೆ ಗ್ಯಾರೇಜಿನಲ್ಲಿ ಎರಡಕ್ಕೂ ದುಡ್ಡು ಕೊಡಬೇಕಾಗುವುದಿಲ್ಲ.

ಮೂರನೆಯದು, ಎಣ್ಣೆಯ ಬಣ್ಣ. ಎಂಜಿನ್ ಕೆಳಭಾಗದ ಬೋಲ್ಟ್ ಬಿಚ್ಚಿ ಎಣ್ಣೆ ಇಳಿಸಿ. ಕಪ್ಪಗಿದ್ದರೆ ಚಿಂತೆಯಿಲ್ಲ. ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಒಳಗೆ ತುಕ್ಕು ಹಿಡಿದಿರಬಹುದು. ಎಣ್ಣೆಯಲ್ಲಿ ಹೊಳೆಯುವ ಲೋಹದ ಚೂರುಗಳಿದ್ದರೆ ಬೇರಿಂಗ್ ಅಥವಾ ಗೇರ್ ತಿಂದಿದೆ. ಗೇರ್ ಬಾಕ್ಸಿನ ಎಣ್ಣೆಯನ್ನೂ ಇಳಿಸಿ ಹೀಗೆಯೇ ನೋಡಿ.

ನಾಲ್ಕನೆಯದು, ಬಿರುಕು. ಎಂಜಿನ್ ಕೂರಿಸುವ ಕಾಲು, ಗೇರ್ ಬಾಕ್ಸಿನ ಮೈ ಇವನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಉಜ್ಜಿ, ಒರೆಸಿ, ಬೆಳಕಿನಲ್ಲಿ ನೋಡಿ. ಬಿರುಕಿದ್ದರೆ ಅಲ್ಲಿ ಎಣ್ಣೆ ಗೆರೆಯಾಗಿ ಮತ್ತೆ ಜಿನುಗುತ್ತದೆ.

ಗೇರ್ ಹಲ್ಲು ಮುರಿದಿದ್ದರೆ, ಎಂಜಿನ್ ಮೈ ಒಡೆದಿದ್ದರೆ ಮುಂದೆ ಖರ್ಚು ಮಾಡಬೇಡಿ. ಅಂಥ ಯಂತ್ರ ಗುಜರಿಗೇ ಸರಿ. ಉಳಿದೆಲ್ಲಕ್ಕೂ ದಾರಿ ಇದೆ.

3. ಕಿಡಿ

ಪ್ಲಗ್ ನಿಮಗೆ ಬಹಳಷ್ಟು ಹೇಳುತ್ತದೆ. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಎಂಜಿನ್ ಚೆನ್ನಾಗಿ ಓಡುತ್ತಿತ್ತು. ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿಕೊಂಡಿದೆ. ಎಣ್ಣೆ ಮೆತ್ತಿದ್ದರೆ ರಿಂಗ್ ಕಡೆ ಅನುಮಾನ.

ಹಳೇ ಪ್ಲಗ್ ತೆಗೆದುಕೊಂಡು ಹೋಗಿ ಅದೇ ಅಳತೆಯ ಹೊಸದನ್ನು ತನ್ನಿ. ಮರೆಯ ಉದ್ದ ಒಂದೇ ಇರಬೇಕು; ಉದ್ದದ್ದನ್ನು ಹಾಕಿದರೆ ಪಿಸ್ಟನ್‌ಗೆ ತಾಗುತ್ತದೆ. ತುದಿಯ ಸಂದು ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ.

ಹೊಸ ಪ್ಲಗ್ ಹಾಕಿಯೂ ಕಿಡಿ ಬಾರದಿದ್ದರೆ ಫ್ಲೈವೀಲ್ ಒಳಗಿನ ಪಾಯಿಂಟ್ ನೋಡಬೇಕು. ಹಳೇ ಎಂಜಿನ್‌ಗಳಲ್ಲಿ ಎರಡು ಸಣ್ಣ ಲೋಹದ ತುದಿಗಳು ತೆರೆದು ಮುಚ್ಚಿ ಕಿಡಿ ಕೊಡುತ್ತವೆ. ನಮ್ಮ ಕಡೆಯ ತೇವಕ್ಕೆ ಇವುಗಳ ಮೇಲೆ ಬೂದಿಯಂಥ ಪದರ ಕಟ್ಟುತ್ತದೆ. ನಯವಾದ ಎಮರಿ ಕಾಗದದಿಂದ ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಎಂಜಿನ್‌ಗಳು ಎದ್ದು ಕೂರುತ್ತವೆ. ಪಾಯಿಂಟ್ ಪೂರ್ತಿ ತೆರೆದಾಗ ಸಂದು ಸುಮಾರು 0.35ರಿಂದ 0.4 ಮಿ.ಮೀ. ಇರಲಿ. ಆದರೆ ಫ್ಲೈವೀಲ್ ಬಿಚ್ಚಲು ಪುಲ್ಲರ್ ಬೇಕು. ಅದಿಲ್ಲದೆ ಮೀಟಿ ಎಬ್ಬಿಸಿದರೆ ಅಂಚು ಒಡೆಯುತ್ತದೆ. ಈ ಒಂದು ಕೆಲಸವನ್ನು ಗ್ಯಾರೇಜಿನಲ್ಲಿ ಮಾಡಿಸುವುದೇ ಮೇಲು.

ಕಿಡಿ ಪರೀಕ್ಷೆಯನ್ನು ಪೆಟ್ರೋಲ್ ಟ್ಯಾಂಕ್ ತೆಗೆದಿಟ್ಟ ಮೇಲೆ, ಪ್ಲಗ್ ತೂತಿಗೆ ಬಟ್ಟೆ ತುರುಕಿ, ಪ್ಲಗ್ಗನ್ನು ತೂತಿನಿಂದ ದೂರ ಎಂಜಿನ್ ಮೈಗೆ ತಾಗಿಸಿ ಮಾಡಬೇಕು. ಕೈಯಲ್ಲಿ ಬರಿದೇ ಹಿಡಿಯಬೇಡಿ.

4. ಪೆಟ್ರೋಲ್ ಬರುವ ದಾರಿ

ಟ್ಯಾಂಕ್, ಪೈಪ್, ಜಾಲರಿ, ಕಾರ್ಬೊರೇಟರ್. ಈ ಕ್ರಮದಲ್ಲೇ ತೊಳೆಯಿರಿ. ಕಾರ್ಬೊರೇಟರ್ ಮೊದಲು ತೊಳೆದು ಟ್ಯಾಂಕ್ ಹಾಗೇ ಬಿಟ್ಟರೆ ಮರುದಿನ ಮತ್ತೆ ತುಕ್ಕಿನ ಪುಡಿ ಕಟ್ಟಿಕೊಳ್ಳುತ್ತದೆ. ಸೋಸದ ಹಾಲನ್ನು ತೊಳೆದ ಕ್ಯಾನಿಗೆ ಸುರಿದ ಹಾಗೆ.

ಟ್ಯಾಂಕಿನ ತುಕ್ಕಿಗೆ ಹುಣಸೆ ಹುಳಿ ಸಾಕು. ಹಿತ್ತಾಳೆ ಪಾತ್ರೆ ಬೆಳಗುವ ಹುಳಿಯೇ ತುಕ್ಕನ್ನೂ ಬಿಡಿಸುತ್ತದೆ. ಗಟ್ಟಿಯಾಗಿ ಕಿವುಚಿ ಸೋಸಿದ ಹುಣಸೆ ನೀರು, ಒಂದು ಹಿಡಿ ಸಣ್ಣ ಜಲ್ಲಿ ಹಾಕಿ ಕುಲುಕಿ, ಒಂದು ದಿನ ಬಿಟ್ಟು ಮತ್ತೆ ಕುಲುಕಿ. ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ, ಕೊನೆಗೆ ಬರೀ ನೀರಿನಲ್ಲಿ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಕೂಡಲೇ ಒಂದಿಷ್ಟು ಎಂಜಿನ್ ಆಯಿಲ್ ಹಾಕಿ ಒಳಗೆಲ್ಲ ಆಡಿಸಿ ಚೆಲ್ಲಿ. ಇಲ್ಲದಿದ್ದರೆ ಒಂದೇ ದಿನದಲ್ಲಿ ಮತ್ತೆ ಕೆಂಪಗಾಗುತ್ತದೆ.

ಟ್ಯಾಂಕ್ ತೂತಾಗಿದ್ದರೆ ವೆಲ್ಡಿಂಗ್ ಮಾಡಿಸಬೇಡಿ. ಖಾಲಿಯಾಗಿ ವರ್ಷವಾಗಿದ್ದರೂ ಒಳಗೆ ಪೆಟ್ರೋಲ್ ಆವಿ ಉಳಿದಿರಬಹುದು. ಕಿಡಿ ತಾಗಿದರೆ ಸಿಡಿಯುತ್ತದೆ. ಬೇರೆ ಟ್ಯಾಂಕ್ ಹಾಕಿಸಿ.

ಕಾರ್ಬೊರೇಟರ್ ಬಿಚ್ಚುವಾಗ ಬಿಳಿ ಬಟ್ಟೆಯ ಮೇಲೆ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಜೋಡಿಸಿ, ಮೊಬೈಲಿನಲ್ಲಿ ಒಂದೊಂದು ಹಂತಕ್ಕೂ ಫೋಟೋ ತೆಗೆಯಿರಿ. ಒಳಗಿನ ಜೆಟ್ ಎಂಬ ಹಿತ್ತಾಳೆ ತುಣುಕಿನ ತೂತು ಕೂದಲೆಳೆಯಷ್ಟೇ ಇರುತ್ತದೆ. ಇದು ಕಟ್ಟಿಕೊಂಡಿರುವುದೇ ಎಂಜಿನ್ ಏಳದಿರಲು ಬಲು ದೊಡ್ಡ ಕಾರಣ. ಸೂಜಿ, ಸೇಫ್ಟಿ ಪಿನ್ ಹಾಕಿ ಚುಚ್ಚಬೇಡಿ; ತೂತು ದೊಡ್ಡದಾದರೆ ಪೆಟ್ರೋಲ್ ಲೆಕ್ಕವೇ ಕೆಡುತ್ತದೆ. ಪೆಟ್ರೋಲ್‌ನಲ್ಲಿ ನೆನೆಸಿ, ಸೈಕಲ್ ಪಂಪಿನಿಂದ ಗಾಳಿ ಊದಿ. ಬೆಳಕಿಗೆ ಹಿಡಿದರೆ ಆಚೆ ಕಾಣಬೇಕು.

ಈಗಿನ ಪೆಟ್ರೋಲ್ ಬಗ್ಗೆ ಒಂದು ಮಾತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್‌ಗೆ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಅದೇ ಸಾಮಾನ್ಯ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೇ ಕಾಲದ ರಬ್ಬರ್ ಪೈಪ್ ಮತ್ತು ವಾಷರ್‌ಗಳನ್ನು ಉಬ್ಬಿಸಿ ಕೆಡಿಸುತ್ತದೆ. ಹಾಗಾಗಿ ಹಳೇ ಪೈಪ್ ನೋಡಲು ಚೆನ್ನಾಗಿದ್ದರೂ ಬದಲಾಯಿಸಿ. ಈಗಿನ ಪೆಟ್ರೋಲ್‌ಗೆ ತಾಳುವ ಪೈಪ್ ಕೇಳಿ ತನ್ನಿ. ಇನ್ನೊಂದು: ಕೆಲಸ ಮುಗಿದ ಮೇಲೆ ಪೆಟ್ರೋಲ್ ಅನ್ನು ಯಂತ್ರದಲ್ಲೇ ಬಿಡಬೇಡಿ. ಟ್ಯಾಂಕಿನ ನಲ್ಲಿ ಮುಚ್ಚಿ, ಕಾರ್ಬೊರೇಟರ್ ಬರಿದಾಗಿ ತಾನೇ ನಿಲ್ಲುವವರೆಗೆ ಓಡಿಸಿ. ಮಳೆಗಾಲಕ್ಕೆ ಎತ್ತಿಡುವಾಗ ಟ್ಯಾಂಕನ್ನೂ ಖಾಲಿ ಮಾಡಿ.

ನಿಮ್ಮದು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಎಂಜಿನ್ ಆಗಿದ್ದರೆ ಪೂರ್ತಿ ಪೆಟ್ರೋಲ್‌ನಲ್ಲೇ ಓಡಿಸಬಹುದು.

5. ಪೇಟೆಗೆ ಹೋಗುವಾಗ ನಂಬರ್ ಒಯ್ಯಿರಿ

"ಆ ಕಂಪನಿಯೇ ಮುಚ್ಚಿಹೋಗಿದೆ, ಸ್ಪೇರ್ ಸಿಗಲ್ಲ" ಎಂಬ ಮಾತು ಕೇಳಿಯೇ ಹೆಚ್ಚಿನವರು ಕೈಬಿಡುವುದು. ಇದು ಅರ್ಧ ಮಾತ್ರ ನಿಜ. ಬೇರಿಂಗ್, ಆಯಿಲ್ ಸೀಲ್, ಬೆಲ್ಟ್, ಪ್ಲಗ್ ಇವು ಯಾವ ಕಂಪನಿಯ ಸ್ವತ್ತೂ ಅಲ್ಲ. ಅಳತೆ ಸರಿಹೋದರೆ ಯಾರು ಮಾಡಿದ್ದಾದರೂ ನಡೆಯುತ್ತದೆ.

ಬೇರಿಂಗಿನ ಅಂಚಿನಲ್ಲಿ ಒಂದು ನಂಬರ್ ಕೊರೆದಿರುತ್ತದೆ. ಉದಾಹರಣೆಗೆ 6204 ಎಂದಿದ್ದರೆ ಒಳಸುತ್ತು 20, ಹೊರಸುತ್ತು 47, ದಪ್ಪ 14 ಮಿ.ಮೀ. ಪ್ರಪಂಚದ ಎಲ್ಲೇ ಮಾಡಿದ 6204 ಆದರೂ ಇದೇ ಅಳತೆ. ಆಯಿಲ್ ಸೀಲಿನ ಮೇಲೆ 25-40-7 ಎಂಬಂತೆ ಮೂರು ಅಂಕಿ ಇರುತ್ತದೆ: ಒಳಗೆ, ಹೊರಗೆ, ದಪ್ಪ. ಬೆಲ್ಟಿನ ಬೆನ್ನ ಮೇಲೆ ಎ ಅಥವಾ ಬಿ ಅಕ್ಷರ ಮತ್ತು ಉದ್ದದ ಅಂಕಿ ಇರುತ್ತದೆ. ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಯಲ್ಲಿ ಯಂತ್ರದ ಹೆಸರು ಹೇಳಬೇಡಿ, ನಂಬರ್ ಹೇಳಿ.

ಕಿಡಿ ಕೊಡುವ ಕಾಯಿಲ್, ಗೇರ್, ಕಾರ್ಬೊರೇಟರ್ ಮೈ ಇವು ಮಾತ್ರ ಆಯಾ ಯಂತ್ರದ್ದೇ ಆಗಬೇಕು. ನಿಮ್ಮ ಯಂತ್ರದಲ್ಲಿ ಈ ಮೂರೂ ಸರಿ ಇದ್ದರೆ ಧೈರ್ಯವಾಗಿ ರಿಪೇರಿಗೆ ಹೊರಡಿ.

ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲವೂ ಇದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅಂದಿನಿಂದ ಕಬ್ಬಿಣದ ಕೆಲಸ ಬಲ್ಲ ಕೈಗಳು ಆ ಊರಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದಿವೆ. ಸವೆದ ಶಾಫ್ಟ್‌ಗೆ ಲೋಹ ತುಂಬಿ ಕಡೆಯುವುದು, ಬುಷ್ ಮಾಡುವುದು, ಕಿತ್ತುಹೋದ ಮರೆಗೆ ಹೊಸ ಮರೆ ಕೊಡುವುದು ಲೇತ್ ಅಂಗಡಿಯ ಕೆಲಸ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಸಿಲಿಂಡರ್ ಬೋರಿಂಗ್, ವಾಲ್ವ್ ಕೂರಿಸುವಂಥ ಎಂಜಿನ್ ಕೆಲಸಗಳಿಗೆ ವಿಚಾರಿಸಿ. ಸಿಲಿಂಡರ್ ಬೋರಿಂಗಿಗೆ ಕೊಡುವ ಮೊದಲು ಅದಕ್ಕೆ ಹೊಂದುವ ದೊಡ್ಡ ಅಳತೆಯ ಪಿಸ್ಟನ್ ಸಿಗುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರಿಂಗ್.

ಗ್ಯಾರೇಜಿನಲ್ಲಿ ಮಾತು ಹಲವು ಬಾರಿ ಮನೆಯ ಗಂಡಸರ ಜೊತೆಗೇ ನಡೆಯುತ್ತದೆ. ನೀವೇ ಚೀಟಿ ಹಿಡಿದು ಹೋಗಿ, "ಎಣ್ಣೆ ಬಿಟ್ಟಾಗ ಕಂಪ್ರೆಷನ್ ಹೆಚ್ಚಾಯಿತು, ರಿಂಗ್ ನೋಡಿ" ಎಂದು ಹೇಳಿ ನೋಡಿ. ಮಾತಿನ ಧಾಟಿಯೇ ಬದಲಾಗುತ್ತದೆ. ಖರ್ಚಿನ ಅಂದಾಜನ್ನು ಬರೆಸಿಕೊಳ್ಳಿ, ಬದಲಾಯಿಸಿದ ಹಳೇ ಸಾಮಾನನ್ನು ವಾಪಸ್ ಕೇಳಿ.

6. ಮೊದಲ ಸ್ಟಾರ್ಟ್

ಓಡಿಸುವ ಮುನ್ನ ನಿಲ್ಲಿಸುವುದನ್ನು ಸರಿಮಾಡಿ. ಸ್ಟಾಪ್ ಸ್ವಿಚ್ ಕೆಲಸ ಮಾಡಬೇಕು. ಕ್ಲಚ್ ಹಿಡಿಕೆ ಬಿಟ್ಟ ಕೂಡಲೇ ಬ್ಲೇಡ್ ನಿಲ್ಲಬೇಕು. ಬ್ಲೇಡ್ ಮೇಲಿನ ತಗಡಿನ ಮುಚ್ಚಿಗೆ ಇರಲೇಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಸ್ಟಾರ್ಟ್ ಮಾಡಬೇಡಿ.

ಎಣ್ಣೆ ಮರೆಯಬೇಡಿ. ಕೆಳಗೆ ಎಣ್ಣೆ ತುಂಬುವ ಜಾಗ, ಅಳತೆ ಕಡ್ಡಿ ಇದ್ದರೆ ಅದು ಫೋರ್ ಸ್ಟ್ರೋಕ್. ಗುರುತಿನವರೆಗೆ ಹೊಸ ಎಣ್ಣೆ ತುಂಬಿ. ಎಣ್ಣೆ ತುಂಬುವ ಜಾಗವೇ ಇಲ್ಲದಿದ್ದರೆ ಅದು ಟೂ ಸ್ಟ್ರೋಕ್. ಪೆಟ್ರೋಲ್‌ಗೇ ಎಣ್ಣೆ ಬೆರೆಸಬೇಕು. ಅಳತೆಯನ್ನು ಟ್ಯಾಂಕಿನ ಮುಚ್ಚಳದ ಮೇಲೆ ಬರೆದಿರುತ್ತಾರೆ. 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿ.ಲೀ. ಗೇರ್ ಬಾಕ್ಸಿಗೆ ಗೇರ್ ಆಯಿಲ್ ಬೇರೆ.

ಬಯಲಿನಲ್ಲೇ ಸ್ಟಾರ್ಟ್ ಮಾಡಿ. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಹೊಗೆ ಮನುಷ್ಯರಿಗೂ ದನಗಳಿಗೂ ಪ್ರಾಣಾಪಾಯ. ಅದರಲ್ಲಿರುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸೀರೆ ಸೆರಗು, ದುಪಟ್ಟಾ, ಬಿಟ್ಟ ಜಡೆ, ಕೈಬಳೆ ಇವು ಫ್ಲೈವೀಲಿಗೋ ಬೆಲ್ಟಿಗೋ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವೇ ಸಿಗದು. ಸೆರಗು ಸೊಂಟಕ್ಕೆ ಬಿಗಿದು ಮೇಲೊಂದು ಗುಂಡಿ ಹಾಕಿದ ಅಂಗಿ ತೊಡಿ, ಜಡೆ ಮೇಲೆ ಕಟ್ಟಿ, ಬೆರಳು ಮುಚ್ಚುವ ಗಟ್ಟಿ ಬೂಟು ಹಾಕಿ. ಸ್ಟಾರ್ಟ್ ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬೇಡಿ. ಎಂಜಿನ್ ಹಿಂದಕ್ಕೆ ಎಳೆದರೆ ಕೈಯನ್ನೂ ಎಳೆಯುತ್ತದೆ. ಬ್ಲೇಡಿಗೆ ಸಿಕ್ಕಿದ ಹುಲ್ಲು ತೆಗೆಯುವಾಗ ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ತಂತಿ ಕಿತ್ತ ಮೇಲೆಯೇ ಕೈ ಹಾಕಿ.

ಎದ್ದ ಎಂಜಿನನ್ನು ಹತ್ತು ನಿಮಿಷ ನಿಧಾನಕ್ಕೆ ಓಡಲು ಬಿಡಿ. ಫೋರ್ ಸ್ಟ್ರೋಕ್ ಆಗಿದ್ದರೆ ಮೊದಲ 5 ಗಂಟೆ ಕೆಲಸವಾದ ಮೇಲೆ ಎಣ್ಣೆ ಬದಲಾಯಿಸಿ. ಒಳಗೆ ಉಳಿದ ಹಳೇ ಕೊಳೆಯೆಲ್ಲ ಅದರಲ್ಲಿ ಇಳಿದಿರುತ್ತದೆ.

7. ಮೇವಿನ ತಾಕಿನಲ್ಲಿ

ಇಷ್ಟೆಲ್ಲ ಮಾಡುವುದು ಮೇವಿಗಾಗಿ. ನೇಪಿಯರ್ ಹುಲ್ಲಿನ ಮೊದಲ ಕಟಾವು ಸುಮಾರು 75 ದಿನಕ್ಕೆ, ಆಮೇಲೆ 45 ದಿನಕ್ಕೊಮ್ಮೆ. ಪ್ರತಿ ಕಟಾವಿನ ನಂತರ ಸಾಲಿನ ನಡುವಿನ ಮಣ್ಣು ಸಡಿಲಿಸಿ, ಕಳೆ ತೆಗೆದು, ಗೊಬ್ಬರ ಕೊಟ್ಟರೆ ಮುಂದಿನ ಚಿಗುರು ಬಲವಾಗಿ ಬರುತ್ತದೆ. ಆಳು ಸಿಗದೆ ಈ ಕೆಲಸವನ್ನು ಬಿಟ್ಟಾಗಲೇ ಹುಲ್ಲು ಇಳಿಯುವುದು. ಹುಲ್ಲು ಇಳಿದರೆ ಹಿಂಡಿ ಖರ್ಚು ಏರುತ್ತದೆ, ಬಟವಾಡೆಯಲ್ಲಿ ಕೈಗೆ ಬರುವುದು ಕಡಿಮೆಯಾಗುತ್ತದೆ.

ಸಾಲಿನ ಅಂತರ 60 ಸೆಂ.ಮೀ. ಇದ್ದರೆ ಯಂತ್ರದ ಅಗಲ 40 ಸೆಂ.ಮೀ. ಮೀರಬಾರದು. ಎಷ್ಟೋ ಸಣ್ಣ ಟಿಲ್ಲರ್‌ಗಳಲ್ಲಿ ಹೊರಗಿನ ಬ್ಲೇಡ್ ಬಿಚ್ಚಿ ಅಗಲ ಕಡಿಮೆ ಮಾಡಬಹುದು. ಬುಡಕ್ಕೆ ತಾಗದಂತೆ ದೂರ ಬಿಟ್ಟು ಹೊಡೆಯಿರಿ. ಬ್ಲೇಡಿನ ಹರಿತ ಭಾಗ ತಿರುಗುವ ದಿಕ್ಕಿಗೆ ಮುಖಮಾಡಿರಲಿ. ಬ್ಲೇಡಿನ ಬೋಲ್ಟ್ ತಲೆಯ ಮೇಲೆ 8.8 ಎಂದು ಬರೆದಿದ್ದರೆ ಅಂಥದ್ದನ್ನೇ ಹಾಕಿ. ಸಾಧಾರಣ ಬೋಲ್ಟ್ ತುಂಡಾಗಿ ಹಾರುತ್ತದೆ.

ಹಾಲು ಕರೆಯುವ ಕೆಲಸ ಮುಗಿಸಿ, ಹಾಲು ಸಂಘಕ್ಕೆ ಹಾಕಿದ ಮೇಲೆ ಯಂತ್ರ ಮುಟ್ಟಿ. ಹಾಲಿನ ಕೊಬ್ಬು ಪೆಟ್ರೋಲ್ ವಾಸನೆಯನ್ನು ಬೇಗ ಹಿಡಿಯುತ್ತದೆ; ಒಬ್ಬರ ಹಾಲು ಇಡೀ ಸಂಘದ ಹಾಲನ್ನು ಕೆಡಿಸಬಹುದು. ಹಾಲಿನ ಕ್ಯಾನು, ಅಳತೆ ಪಾತ್ರೆಯಲ್ಲಿ ಯಾವ ಕಾರಣಕ್ಕೂ ಪೆಟ್ರೋಲ್ ತರಬೇಡಿ. ಸಂಜೆ ಕರೆಯುವ ಮೊದಲು ಸೋಪಿನಿಂದ ಕೈ ತೊಳೆದು ಬಟ್ಟೆ ಬದಲಿಸಿ.

8. ಕೊನೆಗೆ ಲೆಕ್ಕ

ಖರ್ಚಿನ ಅಂದಾಜು ಕೈಗೆ ಬಂದ ಮೇಲೆ ಮೂರು ಅಂಕಿಗಳನ್ನು ಪಕ್ಕಪಕ್ಕ ಬರೆಯಿರಿ: ರಿಪೇರಿಯ ಖರ್ಚು, ಹೊಸ ಪವರ್ ವೀಡರ್‌ನ ಬೆಲೆ, ವರ್ಷಕ್ಕೆ ಬಾಡಿಗೆಗೆ ತಂದರೆ ಆಗುವ ಖರ್ಚು. ಹೊಸದಕ್ಕೆ ಸಹಾಯಧನ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ, ಬಾಡಿಗೆ ದರವನ್ನು ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ. ಸಹಾಯಧನ ಕಳೆದು ನೀವು ಕೊಡಬೇಕಾದ ಬೆಲೆಯ ಅರ್ಧಕ್ಕಿಂತ ರಿಪೇರಿ ಖರ್ಚು ಹೆಚ್ಚಾದರೆ ಹಳೆಯದನ್ನು ಬಿಡುವುದೇ ಜಾಣತನ. ಮಾವನವರ ನೆನಪಿಗೆಂದು ಬಟವಾಡೆ ದುಡ್ಡು ಸುರಿಯಬೇಕಿಲ್ಲ. ಆದರೆ ಪ್ಲಗ್, ಪೈಪ್, ಎರಡು ಸೀಲ್, ಒಂದು ಬೆಲ್ಟ್ ಮತ್ತು ನಿಮ್ಮ ಎರಡು ದಿನದ ಕೆಲಸದಲ್ಲಿ ಅದು ಏಳುವಂತಿದ್ದರೆ ಕೆ.ಜಿ. ಲೆಕ್ಕದಲ್ಲಿ ಕೊಟ್ಟು ಕಳೆದುಕೊಳ್ಳಬೇಡಿ.

ಮುಂದಿನ ಸಂಘದ ಸಭೆಗೆ ಬರುವಾಗ ನಿಮ್ಮೂರಿನಲ್ಲಿ ಇಂಥ ಯಂತ್ರ ಎಷ್ಟು ಮನೆಗಳಲ್ಲಿದೆ ಎಂದು ಎಣಿಸಿಕೊಂಡು ಬನ್ನಿ. ಒಂದೇ ಮಾದರಿಯ ಎರಡು ಕೆಟ್ಟ ಯಂತ್ರಗಳಿದ್ದರೆ, ಎರಡನ್ನೂ ಸೇರಿಸಿ ಒಂದು ಓಡುವ ಯಂತ್ರ ಮಾಡಬಹುದು. ಇಬ್ಬರು ಸದಸ್ಯೆಯರು ಒಪ್ಪಿ ಹಂಚಿಕೊಂಡು ಬಳಸಿದರೆ ಇಬ್ಬರ ಮೇವಿನ ತಾಕಿಗೂ ಅದು ಸಾಕಾಗುತ್ತದೆ.